ಕಲಬುರಗಿ ಬಿಸಿಲಿಗೆ ಯಾವ ಡಿಸೈನರ್ ಕುರ್ಚಿ?

ಮೊದಲು ತೀರ್ಪು. ಈಮ್ಸ್ ಅನ್ನುವ ಅಮೆರಿಕದ ಡಿಸೈನರ್‌ಗಳ ಕುರ್ಚಿಗೆ ರೆಕ್ಸಿನ್ ಹೊದಿಸಿ ಮಾಡಿದ ನಕಲು ಬೇಡ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಏರಾನ್ ಅನ್ನುವ ಜಾಳಿಗೆಯ ಆಫೀಸ್ ಕುರ್ಚಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. ಬಂದುಹೋಗುವ ಗಿರಾಕಿಗಳಿಗೆ ಸಾಗವಾನಿ ಕಟ್ಟಿಗೆ, ಬೆತ್ತದ ಹೆಣಿಗೆ ಇರುವ ಚಂಡೀಗಢ ಕುರ್ಚಿ ಮಾಡಿಸಿ. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ಉಳಿದವರಿಗೆ ಕಾರಣ ಹೇಳುತ್ತೇನೆ.

ನಮ್ಮದು ಟ್ಯಾಕ್ಸ್ ಆಫೀಸು. ಕಲಬುರಗಿ ಸ್ಟೇಷನ್ ರೋಡಿನಲ್ಲಿ, ಹಳೇ ಕಟ್ಟಡದ ಮೊದಲ ಮಹಡಿ. ನನ್ನ ಕ್ಯಾಬಿನ್‌ಗೆ ಎಸಿ, ಹಾಲ್‌ಗೆ ಕೂಲರ್. ನೆಲಕ್ಕೆ ಶಹಾಬಾದ್ ಫರ್ಸಿ. ಒಬ್ಬರು ಹಿರಿಯ ಅಕೌಂಟೆಂಟ್ ಇದ್ದಾರೆ, ಜೊತೆಗೆ ಎಂಟ್ರಿ ಮಾಡುವ ಹುಡುಗಿಯರು. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಕೊನೇ ದಿನ. ಆ ದಿನಗಳಲ್ಲಿ ಬೆಳಿಗ್ಗೆ ಕೂತವರು ರಾತ್ರಿ ಏಳುತ್ತಾರೆ. ಪೋರ್ಟಲ್ ತಿರುಗುತ್ತಾ ಇರುತ್ತದೆ, ಇವರು ಕಾಯುತ್ತಾ ಕೂತಿರುತ್ತಾರೆ. ಗಿರಾಕಿಗಳು ಹೆಚ್ಚಾಗಿ ನೆಹರೂ ಗಂಜಿನ ದಾಲ್ ಮಿಲ್‌ನವರು, ಅಡತಿ ಅಂಗಡಿಯವರು. ಹೈಕೋರ್ಟ್ ಪೀಠ ಬಂದ ಮೇಲೆ ಒಂದಷ್ಟು ವಕೀಲರೂ ಸೇರಿಕೊಂಡಿದ್ದಾರೆ. ಕುರ್ಚಿ ಆರಿಸುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಇವರೇ. ಮ್ಯಾಗಜೀನ್‌ನ ಫೋಟೋ ಅಲ್ಲ.

ಆಫೀಸಿಗೆ ಹೊಸ ರೂಪ ಕೊಡುವ ಕೆಲಸ ಹಿಡಿದಾಗ ಇಂಟೀರಿಯರ್‌ನವರು ಒಂದು ಕ್ಯಾಟಲಾಗ್ ಮುಂದಿಟ್ಟರು. "ಮೇಡಂ, ಈಗ ಎಲ್ಲಾ ಕಡೆ ಇದೇ ನಡೀತದ್ರಿ" ಅಂದರು. ತೆಳ್ಳಗೆ, ಕರ್ರಗೆ, ಹೊಳೆಯುವ ಕೈ, ಬೆನ್ನಿನುದ್ದಕ್ಕೂ ಅಡ್ಡಡ್ಡ ಗೆರೆ. ನೀವೂ ನೋಡಿರುತ್ತೀರಿ. ಬ್ಯಾಂಕ್ ಮ್ಯಾನೇಜರ್ ಕ್ಯಾಬಿನ್, ಕಾರ್ ಶೋರೂಮ್, ಟಿವಿ ಸೀರಿಯಲ್‌ನಲ್ಲಿ ಕಂಪನಿ ಮಾಲೀಕ ಗಿರಕಿ ಹೊಡೆದು ತಿರುಗುವ ಕುರ್ಚಿ, ಎಲ್ಲಾ ಇದೇ. ಕ್ಯಾಟಲಾಗ್‌ನಲ್ಲಿ ಹೆಸರು 'ಈಮ್ಸ್ ಎಕ್ಸಿಕ್ಯುಟಿವ್'. ಬೆಲೆ 7,500 ರೂಪಾಯಿ, ಜಿಎಸ್‌ಟಿ ಬೇರೆ. ಆರು ತಗೊಂಡರೆ ಕಡಿಮೆ ಮಾಡ್ತೀವಿ ಅಂದರು. ಒಂದೇ ಒಂದು ಸ್ಯಾಂಪಲ್ ಕಳಿಸಿ ಅಂದೆ. ಅದೂ ಏಪ್ರಿಲ್‌ನಲ್ಲಿ.

ಏಪ್ರಿಲ್ ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. 42 ಡಿಗ್ರಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಕುರ್ಚಿಯನ್ನು ನನ್ನ ಎಸಿ ಕ್ಯಾಬಿನ್‌ನಲ್ಲಿ ಇಡಲಿಲ್ಲ, ಹಾಲ್‌ನಲ್ಲೇ ಇಟ್ಟೆ. ಮಧ್ಯಾಹ್ನ ಊಟ ಮುಗಿಸಿ ಬಂದು ಕೂತ ಹುಡುಗಿ ಸ್ವಲ್ಪ ಹೊತ್ತಿಗೆ ಎದ್ದಾಗ ಬೆನ್ನು ಚರ್ ಅಂತ ಸದ್ದು ಮಾಡಿ ಬಿಟ್ಟಿತು. ಚೂಡಿದಾರದ ಮೇಲೆ ಕುರ್ಚಿಯ ಗೆರೆಗಳೆಲ್ಲ ಒದ್ದೆಯಾಗಿ ಮೂಡಿದ್ದವು. ಮರುದಿನ ಅವಳೇ ಮನೆಯಿಂದ ಟವೆಲ್ ತಂದು ಬೆನ್ನಿಗೆ ಹೊದಿಸಿದಳು. ಟವೆಲ್ ಹೊದಿಸಿದ ಮೇಲೆ ಡಿಸೈನ್ ಎಲ್ಲಿ ಉಳಿಯಿತು ಹೇಳಿ.

ಇದರಲ್ಲಿ ತಮಾಷೆಯ ಸಂಗತಿ ಒಂದಿದೆ. ಇದರ ಮೂಲ ಕುರ್ಚಿ ಹುಟ್ಟಿದ್ದೇ ಬಿಸಿಲಿನಲ್ಲಿ ಇಡಲಿಕ್ಕೆ. ಚಾರ್ಲ್ಸ್ ಮತ್ತು ರೇ ಈಮ್ಸ್ ಅಮೆರಿಕದ ಗಂಡ ಹೆಂಡತಿ. ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನಲ್ಲಿ ಇರ್ವಿನ್ ಮಿಲ್ಲರ್ ಅನ್ನುವ ಉದ್ಯಮಿಯ ಮನೆ. ಮನೆಯ ವಿನ್ಯಾಸ ಏರೋ ಸಾರಿನೆನ್ ಅವರದು. ಅದರ ಅಂಗಳಕ್ಕೆ ಒಪ್ಪುವ ಕುರ್ಚಿ ಬೇಕಾಗಿತ್ತು. ಈಮ್ಸ್ ದಂಪತಿ 1958ರಲ್ಲಿ ಮಾಡಿಕೊಟ್ಟರು. ಎರಡು ಬದಿಗೆ ಅಲ್ಯುಮಿನಿಯಂ ಪಟ್ಟಿ, ನಡುವೆ ಬಿಗಿಯಾಗಿ ಎಳೆದ ಹೆಣೆದ ಬಟ್ಟೆ. ನಮ್ಮ ಹೊರಸಿಗೆ ನುಲಿ ಬಿಗಿದಂತೆ. ಒಳಗೆ ಹಲಗೆ ಇಲ್ಲ, ಸ್ಪಂಜಿನ ಗಟ್ಟಿ ಇಲ್ಲ. ಗಾಳಿ ಆಡುತ್ತದೆ. ಮೈ ಭಾರಕ್ಕೆ ಬಟ್ಟೆಯೇ ಆಕಾರ ತಗೊಳ್ಳುತ್ತದೆ. ಕುರ್ಚಿಯ ಜಾಣತನವೆಲ್ಲ ಆ ಬಿಗಿಯಲ್ಲೇ ಇದೆ. ಆಮೇಲೆ ಅದು ಆಫೀಸಿನೊಳಗೆ ಬಂತು, ಚರ್ಮ ಬಂತು. ನಮ್ಮ ಊರಿಗೆ ಬರುವಷ್ಟರಲ್ಲಿ ರೆಕ್ಸಿನ್ ಆಯಿತು.

ಅದೇ 1958ರಲ್ಲಿ ಈ ದಂಪತಿ ನಮ್ಮ ಸರ್ಕಾರದ ಕೋರಿಕೆಯ ಮೇಲೆ ಭಾರತ ಸುತ್ತಿ 'ಇಂಡಿಯಾ ರಿಪೋರ್ಟ್' ಅಂತ ಒಂದು ವರದಿ ಕೊಟ್ಟರು. ಅದರಲ್ಲಿ ಮನಸಾರೆ ಹೊಗಳಿದ್ದು ನಮ್ಮ ತಂಬಿಗೆಯನ್ನು. ಡಿಸೈನ್ ಕಲಿಸುವ ಅಹಮದಾಬಾದಿನ ಎನ್‌ಐಡಿ ಸಂಸ್ಥೆ 1961ರಲ್ಲಿ ಶುರುವಾಗಿದ್ದಕ್ಕೆ ಆ ವರದಿಯೇ ಬುನಾದಿ. ತಂಬಿಗೆ ಮೆಚ್ಚಿದವರ ಹೆಸರಿನಲ್ಲಿ ನಮಗೆ ಬೆವರು ಹರಿಸುವ ಕುರ್ಚಿ ಮಾರುತ್ತಾರಲ್ಲ ಅಂತ ಬೇಜಾರು.

ಸ್ಯಾಂಪಲ್‌ನ ಉಳಿದ ದೂರು ಬೇಗ ಹೇಳಿ ಮುಗಿಸುತ್ತೇನೆ. ಕೈಗಳು ಅಲ್ಲಾಡುವುದಿಲ್ಲ, ಅವುಗಳ ಎತ್ತರ ಬದಲಾಗುವುದಿಲ್ಲ. ನಮ್ಮ 30 ಇಂಚಿನ ಟೇಬಲ್ ಅಂಚಿಗೆ ಬಡಿದು ಕುರ್ಚಿ ಒಳಗೆ ಹೋಗುವುದೇ ಇಲ್ಲ. ಸೀಟು ಏರಿಸಿ ಇಳಿಸುವ ಗ್ಯಾಸ್ ಲಿಫ್ಟ್ ಸೋರುತ್ತಿತ್ತು. ಮಧ್ಯಾಹ್ನ ಟೇಬಲ್ ಮಟ್ಟಕ್ಕೆ ಕೂತವಳು ಸಂಜೆ ಹೊತ್ತಿಗೆ ಎರಡು ಇಂಚು ಕೆಳಗಿಳಿದಿರುತ್ತಿದ್ದಳು. ವಾಪಸ್ ತಗೊಂಡು ಹೋಗಿ ಅಂದೆ. ತಗೊಂಡರು, ಆದರೆ ಸುಮ್ನೆ ಅಲ್ಲ, ಸ್ವಲ್ಪ ಗುದ್ದಾಡಬೇಕಾಯಿತು. ವಾಪಸ್ ಕೊಟ್ಟ ಮಾಲಿನ ಲೆಕ್ಕಕ್ಕೆ ಕ್ರೆಡಿಟ್ ನೋಟ್ ಕೊಡಿ ಅಂದರೆ ಅಂಗಡಿಯ ಹುಡುಗ "ಅದೇನ್ ಮೇಡಂ, ಅದು ಯಾಕ್ ಬೇಕ್ರಿ?" ಅಂದ. ಅವನಿಗೆ ಅಲ್ಲೇ ಪಾಠ ಮಾಡಿದೆ. ಬಿಲ್‌ನಲ್ಲಿ ಎಚ್‌ಎಸ್‌ಎನ್, ಅಂದರೆ ಮಾಲು ಯಾವುದು ಅಂತ ತೋರಿಸುವ ನಂಬರು, ಅದನ್ನೂ 9403 ಅಂತ ಬರೆದಿದ್ದರು. ಕುರ್ಚಿಗೆ 9401. ತೆರಿಗೆ ಎರಡಕ್ಕೂ ಶೇ. 18, ಆದರೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಏನು ಮಾಡೋದು.

ನ್ಯಾಯವಾಗಿ ಹೇಳಬೇಕೆಂದರೆ, ಈಮ್ಸ್ ಕುರ್ಚಿ ತಯಾರಿಸುವ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಯ ಅಸಲಿ ಕುರ್ಚಿಯೂ ಹತ್ತು ತಾಸು ಕೂತು ಎಂಟ್ರಿ ಹೊಡೆಯುವವರಿಗೆ ಹೇಳಿ ಮಾಡಿಸಿದ್ದಲ್ಲ. ಮೀಟಿಂಗ್ ರೂಮಿಗೆ ಸರಿ. ಒಂದು ತಾಸು ಮಾತಾಡಿ ಎದ್ದು ಹೋಗುವವರಿಗೆ ಅದಕ್ಕಿಂತ ಚೆಂದದ ಕುರ್ಚಿ ಸಿಗುವುದು ಕಷ್ಟ. ಬೆಲೆ ಲಕ್ಷದ ಮಾತು. ನಮ್ಮಂಥ ಆಫೀಸಿಗೆ ಆ ಮಾತೇ ಬೇಡ.

ಈಗ ಏರಾನ್. ಇದೂ ಹರ್ಮನ್ ಮಿಲ್ಲರ್ ಅವರದೇ. ಬಿಲ್ ಸ್ಟಂಪ್, ಡಾನ್ ಚಾಡ್ವಿಕ್ ಅನ್ನುವ ಇಬ್ಬರು ಮಾಡಿದ್ದು, 1994ರಲ್ಲಿ ಮಾರುಕಟ್ಟೆಗೆ ಬಂತು. ಇದಕ್ಕೂ ಮೊದಲು ಅವರಿಬ್ಬರು ವಯಸ್ಸಾದವರು ಗಂಟೆಗಟ್ಟಲೆ ಕೂರುವ ಕುರ್ಚಿಯ ಬಗ್ಗೆ ಕೆಲಸ ಮಾಡಿದ್ದರು. ದಪ್ಪ ಫೋಮ್ ಮೇಲೆ ಅಷ್ಟು ಹೊತ್ತು ಕೂತರೆ ಮೈ ಬಿಸಿಯಾಗುತ್ತದೆ, ಬೆವರು ನಿಲ್ಲುತ್ತದೆ, ಚರ್ಮ ಕೆಡುತ್ತದೆ. ಫೋಮನ್ನೇ ತೆಗೆದು ಜಾಳಿಗೆ ಬಿಗಿಯುವ ಯೋಚನೆ ಬೆಳೆದದ್ದು ಅಲ್ಲಿಂದ. ಈಗ ಆನ್‌ಲೈನ್‌ನಲ್ಲಿ ಐದು ಸಾವಿರಕ್ಕೆ ಸಿಗುವ ಮೆಶ್ ಚೇರ್‌ಗಳಿಗೆಲ್ಲ ಇದೇ ಹಿರಿಯಕ್ಕ. ನ್ಯೂಯಾರ್ಕಿನ ಮೋಮಾ ಮ್ಯೂಸಿಯಂನಲ್ಲೂ ಒಂದು ಇಟ್ಟಿದ್ದಾರೆ.

ಹೊಸದು ತಗೊಳ್ಳಲು ಹೋದರೆ ಒಂದಕ್ಕೇ ಲಕ್ಷ ದಾಟುತ್ತದೆ. ನಾವು ತಂದದ್ದು ಹೈದರಾಬಾದಿನಿಂದ, ಹಳೇದು. ಅಲ್ಲಿನ ಐಟಿ ಕಂಪನಿಗಳು ಆಫೀಸು ಬದಲಿಸುವಾಗ, ಮುಚ್ಚುವಾಗ ಕುರ್ಚಿಗಳನ್ನು ಒಟ್ಟಿಗೆ ಮಾರಿಬಿಡುತ್ತವೆ. ಅವನ್ನು ತೊಳೆದು, ರಿಪೇರಿ ಮಾಡಿ ಮಾರುವವರಿದ್ದಾರೆ. ನಮಗೆ ಒಂದಕ್ಕೆ 32,000 ಬಿತ್ತು, ಮೇಲೆ ಹೊರ ರಾಜ್ಯದ ಖರೀದಿಗೆ ಬೀಳುವ ಐಜಿಎಸ್‌ಟಿ. ಮೂರು ತಗೊಂಡೆವು. ಗಾಡಿಗೆ ಹಾಕುವಾಗ ಮಾರುವವರು "ಇ-ವೇ ಬಿಲ್ ಎಲ್ಲಾ ಬೇಡ ಬಿಡಿ ಮೇಡಂ" ಅಂದರು. ಐವತ್ತು ಸಾವಿರ ದಾಟಿದ ಮಾಲು, ರಾಜ್ಯ ದಾಟಿ ಬರುವುದು, ಅದೂ ಟ್ಯಾಕ್ಸ್ ಆಫೀಸಿಗೆ! ಮಾಲಿನ ಜೊತೆ ಇರಬೇಕಾದ ಆ ಸಾಗಣೆ ಚೀಟಿಯನ್ನು ಅಲ್ಲೇ ಕೂತು ಮಾಡಿಸಿಕೊಂಡೇ ಹೊರಟೆ.

ಹಳೇ ಏರಾನ್ ನೋಡುವಾಗ ಮೊದಲು ಬೆನ್ನಿನ ಮೇಲ್ಭಾಗಕ್ಕೆ ಕೈ ಹಾಕಿ. ಚೌಕಟ್ಟಿನ ಹಿಂದೆ ಸಣ್ಣ ಗುಬುಟುಗಳು ಬೆರಳಿಗೆ ಸಿಗುತ್ತವೆ. ಒಂದಿದ್ದರೆ ಎ ಸೈಜು, ಎರಡಿದ್ದರೆ ಬಿ, ಮೂರಿದ್ದರೆ ಸಿ. ಎ ಸಣ್ಣದು, ಸಿ ದೊಡ್ಡದು. ಬಹಳ ಜನಕ್ಕೆ ಬಿ ಸರಿಹೋಗುತ್ತದೆ. ಮಾರುವವರು ಎಲ್ಲದಕ್ಕೂ "ಸ್ಟ್ಯಾಂಡರ್ಡ್ ಸೈಜ್" ಅಂತಾರೆ, ಬೆರಳು ಸುಳ್ಳು ಹೇಳುವುದಿಲ್ಲ. ಆಮೇಲೆ ಕುರ್ಚಿ ತಲೆಕೆಳಗು ಮಾಡಿ. ಸೀಟಿನ ಅಡಿಯಲ್ಲಿ ತಯಾರಾದ ತಾರೀಖಿನ ಚೀಟಿ ಇರುತ್ತದೆ. ಜಾಳಿಗೆ ಚೌಕಟ್ಟಿಗೆ ಸೇರುವ ಅಂಚಿನಲ್ಲಿ ಎಳೆ ಬಿಟ್ಟಿದೆಯಾ ನೋಡಿ, ಅದರಲ್ಲೂ ಸೀಟಿನ ಮುಂದಿನ ಎರಡು ಮೂಲೆ. ಅಲ್ಲಿ ಹರಿದಿದ್ದರೆ ಬೇಡ, ಸೀಟು ಬದಲಿಸುವ ಖರ್ಚು ದೊಡ್ಡದು. ಕೈಯ ಮೇಲಿನ ಪ್ಯಾಡ್ ಬಿರುಕು ಬಿಟ್ಟಿದ್ದರೆ ಪರವಾಗಿಲ್ಲ, ಅದು ಬೇರೆ ಸಿಗುತ್ತದೆ. ನಮ್ಮ ಒಂದು ಕುರ್ಚಿಯ ಪ್ಯಾಡ್‌ನಲ್ಲಿ ಯಾರೋ ಪೆನ್ನಿನಿಂದ ಚುಚ್ಚಿ ಚುಚ್ಚಿ ಸಾಲಾಗಿ ತೂತು ಮಾಡಿದ್ದರು. ಉದ್ದದ ಮೀಟಿಂಗ್ ಇದ್ದಿರಬೇಕು ಪಾಪ.

ಕೂತ ಅನುಭವ ಹೇಗೆ? ಕೂಲರ್ ಬೆನ್ನ ಹಿಂದೆ ಇದ್ದರೆ ಸ್ವರ್ಗ. ಗಾಳಿ ಜಾಳಿಗೆ ದಾಟಿ ಬೆನ್ನಿಗೆ ತಾಗುತ್ತದೆ. ಟವೆಲ್ ಮನೆಗೆ ವಾಪಸ್ ಹೋಯಿತು. 20ನೇ ತಾರೀಖಿನ ರಾತ್ರಿ ಸೊಂಟ ಹಿಡಿದುಕೊಂಡು ಏಳುವುದು ಕಡಿಮೆಯಾಗಿದೆ, ಇಲ್ಲವೇ ಇಲ್ಲ ಅಂತ ಹೇಳಲಾರೆ. ಯಾವ ಕುರ್ಚಿಯಲ್ಲೂ ಅಷ್ಟು ಹೊತ್ತು ಕೂರಬಾರದು.

ಆದರೆ ಏರಾನ್‌ಗೆ ನಮ್ಮ ಜನರ ಕೂರುವ ಅಭ್ಯಾಸ ಗೊತ್ತಿಲ್ಲ. ನಾವು ಸ್ವಲ್ಪ ಹೊತ್ತಾದರೆ ಒಂದು ಕಾಲು ಮಡಚಿ ಮೇಲಿಟ್ಟುಕೊಳ್ಳುತ್ತೇವೆ, ಅಲ್ವಾ? ಇದರಲ್ಲಿ ಆಗುವುದಿಲ್ಲ. ಸೀಟಿನ ಸುತ್ತ ಗಟ್ಟಿ ಪ್ಲಾಸ್ಟಿಕ್ ಅಂಚು, ಮಡಚಿದ ಕಾಲಿನ ಗಿಣ್ಣಿಗೆ ಸರಿಯಾಗಿ ಒತ್ತುತ್ತದೆ. ನಮ್ಮ ಹಿರಿಯ ಅಕೌಂಟೆಂಟ್‌ರಿಗೆ ಕಾಲು ಮಡಚದೆ ಲೆಡ್ಜರ್ ತಾಳೆ ಆಗುವುದಿಲ್ಲ. ಮೂರ್ನಾಲ್ಕು ದಿನ ಒದ್ದಾಡಿ, "ನನಗ ನನ್ನ ಹಳೀ ಕುರ್ಚೀನೇ ಇರ್ಲಿರಿ ಮೇಡಮ್ಮೋರೆ" ಅಂತ ಕಬ್ಬಿಣದ ಕುರ್ಚಿಗೆ, ಅದರ ಮೇಲಿನ ಹತ್ತಿ ದಿಂಬಿಗೆ ವಾಪಸ್ ಹೋದರು. ಅವರ ಏರಾನ್ ಈಗ ನನ್ನ ಕ್ಯಾಬಿನ್‌ನಲ್ಲಿದೆ. ನನಗೇನೂ ಬೇಸರವಿಲ್ಲ.

ಇನ್ನೊಂದು ತೊಂದರೆ ಚಕ್ರ. ನಮ್ಮ ಫರ್ಸಿ ಹಾಸಿ ಎಷ್ಟೋ ವರ್ಷ ಆಗಿದೆ. ಕಲ್ಲು ನುಣುಪಾಗಿ ಹೊಳೆಯುತ್ತದೆ, ಆದರೆ ಸಂದಿಯ ಸಿಮೆಂಟ್ ಸವೆದು ಗುಳಿ ಬಿದ್ದಿದೆ. ಕಾರ್ಪೆಟ್‌ಗೆ ಮಾಡಿದ ಗಟ್ಟಿ ಚಕ್ರ ಆ ಸಂದಿಗೆ ಇಳಿದರೆ ಕುರ್ಚಿ ಗಕ್ಕನೆ ನಿಲ್ಲುತ್ತದೆ, ಕೂತವರು ಮುಂದಕ್ಕೆ ವಾಲುತ್ತಾರೆ. ಮೆತ್ತನೆ ರಬ್ಬರಿನಂಥ ದೊಡ್ಡ ಚಕ್ರ ಬೇರೆ ಸಿಗುತ್ತವೆ, ಸ್ಕೇಟಿಂಗ್ ಶೂಗೆ ಇರುತ್ತವಲ್ಲ ಆ ಥರ. ಐದರ ಸೆಟ್‌ಗೆ 1,200 ಕೊಟ್ಟು ಹಾಕಿಸಿದೆವು. ಈಗ ಸದ್ದಿಲ್ಲದೆ ಓಡುತ್ತವೆ. ಚಕ್ರದ ಕಡ್ಡಿಯ ದಪ್ಪ ಕುರ್ಚಿಯಿಂದ ಕುರ್ಚಿಗೆ ಬೇರೆ, ಹಳೇ ಚಕ್ರ ಒಂದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಕುಳ್ಳಗಿರುವ ಹುಡುಗಿಗೆ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಮಾರುಕಟ್ಟೆಯ ಫುಟ್‌ರೆಸ್ಟ್ ತರುವ ಬದಲು ಉಳಿದ ಫರ್ಸಿ ತುಂಡು ಎರಡು ಒಂದರ ಮೇಲೊಂದು ಇಟ್ಟುಕೊಟ್ಟೆವು. ಬೇಸಿಗೆಯಲ್ಲಿ ಚಪ್ಪಲಿ ಬಿಟ್ಟು ಪಾದ ಇಟ್ಟರೆ ತಂಪು ಬೇರೆ.

ಈಗ ನನಗೆ ತುಂಬ ಇಷ್ಟವಾದ ಕುರ್ಚಿಗೆ ಬರುತ್ತೇನೆ.

1950ರ ದಶಕದಲ್ಲಿ ಚಂಡೀಗಢ ಕಟ್ಟುವಾಗ ಆರ್ಕಿಟೆಕ್ಟ್ ಲ ಕಾರ್ಬೂಸಿಯೆ ಜೊತೆಗೆ ಅವರ ಸಂಬಂಧಿ ಪಿಯರ್ ಜನ್ನರೆ ಬಂದಿದ್ದರು. ಹೊಸ ಊರಿನ ಸರ್ಕಾರಿ ಕಚೇರಿ, ಯೂನಿವರ್ಸಿಟಿಗಳಿಗೆ ಸಾವಿರಾರು ಕುರ್ಚಿ ಬೇಕಿತ್ತು. ಸಾಗವಾನಿ, ಬೆತ್ತ ಇಟ್ಟುಕೊಂಡು, ಅಲ್ಲಿಯ ಬಡಗಿಗಳು ಮಾಡಬಹುದಾದ ಕುರ್ಚಿಗಳನ್ನು ಅವರ ತಂಡ ಮಾಡಿಸಿತು. ಆ ತಂಡದಲ್ಲಿ ಯೂಲಿ ಚೌಧರಿ ಅನ್ನುವ ನಮ್ಮ ದೇಶದ ಹೆಣ್ಣುಮಗಳು, ಆರ್ಕಿಟೆಕ್ಟ್, ಇದ್ದರು. ಕುರ್ಚಿ ಮಾರುವವರು ಅವರ ಹೆಸರು ಎತ್ತುವುದೇ ಇಲ್ಲ, ಅದಕ್ಕೇ ಇಲ್ಲಿ ಬರೆದೆ. ಮುಂದೆ ಕಚೇರಿಗಳಿಗೆ ಹೊಸ ಫರ್ನಿಚರ್ ಬಂದಾಗ ಈ ಕುರ್ಚಿಗಳು ತಾರಸಿಯ ಮೇಲೆ, ಗುಜರಿ ರಾಶಿಯಲ್ಲಿ ಬಿದ್ದವು. ಹರಾಜಿನಲ್ಲಿ ಕವಡೆ ಕಾಸಿಗೆ ಹೋದವು. ಕೊಂಡವರು ವಿದೇಶಕ್ಕೆ ಒಯ್ದು ರಿಪೇರಿ ಮಾಡಿ ಲಕ್ಷಗಟ್ಟಲೆಗೆ ಮಾರಿದರು. ಕಾಲಿನ ಮೇಲೆ ಕಚೇರಿಯ ನಂಬರು ಬಣ್ಣದಲ್ಲಿ ಬರೆದಿದ್ದರೆ ಬೆಲೆ ಇನ್ನೂ ಜಾಸ್ತಿ.

ನನ್ನ ವಾದ ಇಷ್ಟೇ. ಈಮ್ಸ್ ಕುರ್ಚಿಗೆ ಎರಕದ ಅಲ್ಯುಮಿನಿಯಂ ಬೇಕು, ಕಾರ್ಖಾನೆ ಬೇಕು. ಕಾರ್ಖಾನೆ ಕೆಳಮಟ್ಟದ್ದಾದರೆ ಕುರ್ಚಿಯೂ ಹಾಗೇ. ಚಂಡೀಗಢ ಕುರ್ಚಿಯನ್ನು ಯೋಚಿಸಿದ್ದೇ ಊರ ಬಡಗಿಯ ಕೈಗೆ. ಅದನ್ನು ಕಲಬುರಗಿಯಲ್ಲಿ ಒಬ್ಬ ಬಡಗಿ ಮಾಡಿದರೆ ಅದು ಕಳ್ಳ ನಕಲು ಅಂತ ನನಗೆ ಅನ್ನಿಸುವುದಿಲ್ಲ. ಅಸಲಿ ಅಂತ ಹೇಳಿ ಮಾರಬಾರದು, ಅಷ್ಟೇ.

ನಮಗೆ ಮಾಡಿಕೊಟ್ಟವರು ಹಳೇ ಪರಿಚಯದ ಬಡಿಗೇರ ಕಾಕಾ. ಫೋಟೋ ತೋರಿಸಿದೆ. ಬದಿಯಿಂದ ನೋಡಿದರೆ ಕಾಲುಗಳು ತಲೆಕೆಳಗಾದ ವಿ ಅಕ್ಷರ, ಅದರ ಮೇಲೆ ಅಡ್ಡವಾಗಿ ಕೈ. "ಇದರಾಗ ಮೊಳಿ ಹೊಡಿಬಾರದ್ರಿ ಅಕ್ಕೋರೆ, ಕೂಡು ಹಾಕೇ ಕೂಡಿಸಬೇಕು. ಟೈಮ್ ಹಿಡೀತದ" ಅಂದರು. ಹಿಡಿಯಲಿ ಅಂದೆ. ವಿ ಕೂಡುವ ಮೂಲೆಯಲ್ಲಿ ಸಂದಿ ಕಾಣದಂತೆ ಕೆತ್ತಿದ್ದಾರೆ. ಉಗುರು ಹಾಕಿ ಎಳೆದರೂ ಸಿಗುವುದಿಲ್ಲ. ಪಾಲಿಶ್ ಮಾತ್ರ ಅವರಿಗೆ ಹೊಳೆಹೊಳೆಯುವುದು ಇಷ್ಟ, ನನಗೆ ಮಾಸಲು ಇಷ್ಟ. ನಡುವೆ ಎಲ್ಲೋ ನಿಂತಿತು.

ಬೆತ್ತದಲ್ಲಿ ಎರಡು ಥರ. ಈಗ ಎಲ್ಲರೂ ಹಾಕುವುದು ಮಷಿನ್‌ನಲ್ಲಿ ಹೆಣೆದ ಹಾಳೆ. ಚೌಕಟ್ಟಿನಲ್ಲಿ ಕೊರೆದ ಸಂದಿಯೊಳಗೆ ಹಾಳೆ ತುರುಕಿ, ಮೇಲೆ ಒಂದು ಪಟ್ಟಿ ಬಡಿದು ಕೂರಿಸುತ್ತಾರೆ. ಬೇಗ ಆಗುತ್ತದೆ, ಅಗ್ಗ. ಒಂದು ಕಡೆ ಬಿಟ್ಟರೆ ಇಡೀ ಹಾಳೆ ಕಿತ್ತುಕೊಂಡು ಬರುತ್ತದೆ. ಇನ್ನೊಂದು ಕೈ ಹೆಣಿಗೆ. ಚೌಕಟ್ಟಿನ ಸುತ್ತ ಒತ್ತೊತ್ತಾಗಿ ತೂತು ಕೊರೆದು, ನೀರಿನಲ್ಲಿ ನೆನೆಸಿದ ಬೆತ್ತದ ಎಳೆಯನ್ನು ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಎರಡೂ ಕಡೆ ಓರೆಯಾಗಿ ಹಾಯಿಸುತ್ತಾರೆ. ಎಳೆ ಜಾರದಂತೆ ಸಣ್ಣ ಬೆಣೆ ಹೊಡೆದು ಮುಂದಿನ ತೂತಿಗೆ ಹೋಗುತ್ತಾರೆ. ನೆನೆದ ಬೆತ್ತ ಒಣಗಿದ ಮೇಲೆ ತಾನೇ ಬಿಗಿಯಾಗುತ್ತದೆ. ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ. ನಮಗೆ ಹೆಣೆದ ಅಜ್ಜ ಹಿಂದೆ ಸರ್ಕಾರಿ ಕಚೇರಿಗಳ ಕುರ್ಚಿ ಹೆಣೆಯುತ್ತಿದ್ದವರು. ಎಲ್ಲೆಲ್ಲೂ ಪ್ಲಾಸ್ಟಿಕ್ ವೈರ್ ಬಂದ ಮೇಲೆ ಕೆಲಸ ಇಲ್ಲವಾಗಿತ್ತು.

ಕಟ್ಟಿಗೆ, ಕೂಲಿ, ಹೆಣಿಗೆ ಎಲ್ಲ ಸೇರಿ ಕುರ್ಚಿಗೆ 12,500 ಆಯಿತು. ನಾಲ್ಕು ಮಾಡಿಸಿದೆವು. ಗಂಜಿನ ಒಬ್ಬ ಸಾಹುಕಾರರು ಮೊದಲ ಸಲ ಬಂದು ಸುತ್ತ ನೋಡಿ, "ಇದು ತಡೀತದೇನ್ರಿ ಮೇಡಂ, ನನ್ನ ಭಾರ?" ಅಂದರು. ಕೂಡ್ರಿ ಅಂದೆ. ಕೂತರು, ಚಪ್ಪಲಿ ಬಿಟ್ಟರು, ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿದರು. ಸೀಟು ಅಗಲವಿದೆ, ಹಿಡಿಯಿತು. ಚಹಾ ಮುಗಿದರೂ, ನೋಟಿಸಿನ ಮಾತು ಮುಗಿದರೂ ಅವರು ಏಳಲಿಲ್ಲ. ಅದೊಂದೇ ಈ ಕುರ್ಚಿಯ ದೋಷ ಅನ್ನಬಹುದು.

ಟೈಪಿಂಗ್‌ಗೆ ಮಾತ್ರ ಇದು ಬೇಡ. ಸೀಟು ತಗ್ಗು, ಬೆನ್ನು ಹಿಂದಕ್ಕೆ ವಾಲಿದೆ. ಟೇಬಲ್ ಹತ್ತಿರ ಎಳೆದುಕೊಂಡು ಕೀಬೋರ್ಡ್ ಒತ್ತಲು ಹೋದರೆ ಭುಜ ಕಿವಿಗೆ ಬರುತ್ತದೆ.

ನೋಡಿ ಬಿಟ್ಟವುಗಳ ಬಗ್ಗೆ ಎರಡು ಮಾತು. ಸಾರಿನೆನ್ ಅವರ ಟ್ಯುಲಿಪ್, ಒಂಟಿ ಕಾಲಿನ ಬಿಳಿ ಕುರ್ಚಿ: ಫೋಟೋಗೆ ಚೆಂದ, ನಮ್ಮ ಧೂಳಿಗೆ ಬಿಳಿ ಬಣ್ಣ ವಾರಕ್ಕೊಮ್ಮೆ ಅಲ್ಲ, ದಿನಾ ಒರೆಸಬೇಕು. ನಾಲ್ಕು ಕಟ್ಟಿಗೆ ಕಾಲಿನ ಪ್ಲಾಸ್ಟಿಕ್ ಚಿಪ್ಪಿನ ಕುರ್ಚಿ: ಅದೂ ಈಮ್ಸ್ ದಂಪತಿಯದೇ, 1950ರಲ್ಲಿ ಫೈಬರ್‌ಗ್ಲಾಸ್‌ನಲ್ಲಿ ಬಂದದ್ದು. ಈಗ ಪ್ರತಿ ಕೆಫೆಯಲ್ಲೂ ಅದರ ನಕಲು. ಕಾಲಿನ ಬೋಲ್ಟ್ ಸಡಿಲಾಗುತ್ತಲೇ ಇರುತ್ತದೆ, ಸ್ಪ್ಯಾನರ್ ಹಿಡಿದು ಕೂರಬೇಕು. ಮಾರ್ಸೆಲ್ ಬ್ರೂಯರ್ ಅವರ 1928ರ ಚೆಸ್ಕಾ, ಬಾಗಿಸಿದ ಸ್ಟೀಲ್ ಪೈಪು, ಬೆತ್ತದ ಸೀಟು: ಮನಸ್ಸಿತ್ತು. ಆದರೆ ನಾನು ನೋಡಿದ ನಕಲುಗಳಲ್ಲಿ ಪೈಪು ತೆಳು, ಕೂತರೆ ಜೋಲಿ ಹೊಡೆಯುತ್ತದೆ. ಮೂಲ ಕುರ್ಚಿಗೆ ಹಿಂಗಾಲು ಇಲ್ಲ, ಭಾರವೆಲ್ಲ ಪೈಪಿನ ಮೇಲೇ. ಅಂಥದ್ದರಲ್ಲಿ ಪೈಪಿನಲ್ಲೇ ಕಾಸು ಉಳಿಸಿದರೆ ಹೇಗೆ?

ಲೆಕ್ಕದ ಮಾತು ಕೇಳುವವರಿಗೆ: ಆದಾಯ ತೆರಿಗೆಯಲ್ಲಿ ಫರ್ನಿಚರ್‌ಗೆ ಸವಕಳಿ ವರ್ಷಕ್ಕೆ ಶೇ. 10. ವರ್ಷದ ಕೊನೆಗೆ ಕೊಂಡು 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರ ಅರ್ಧ. ರೆಕ್ಸಿನ್ ಮಾತ್ರ ಈ ಲೆಕ್ಕ ಪಾಲಿಸುವುದಿಲ್ಲ, ನಮ್ಮ ಶೆಕೆಗೆ ಎರಡು ಮೂರು ವರ್ಷದಲ್ಲೇ ಹೊಪ್ಪಳೆ ಎದ್ದು ಉದುರಲು ಶುರುವಾಗುತ್ತದೆ. ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್‌ನಲ್ಲಿ ನಿಮ್ಮ ನಂಬರ್ ಹಾಕಿಸಿ, ಕ್ರೆಡಿಟ್ ಸಿಗುತ್ತದೆ, ಅಂದರೆ ಕುರ್ಚಿಗೆ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದು.

ಬೆತ್ತದ ಆರೈಕೆ ಕಷ್ಟವಿಲ್ಲ. ಒಣ ಹವೆಗೆ ಬೆತ್ತ ಬಿರುಸಾಗಿ ಎಳೆ ಮುರಿಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಆಗಾಗ ಸೀಟಿನ ಕೆಳಗಿನಿಂದ, ಪಾಲಿಶ್ ಇಲ್ಲದ ಬದಿಗೆ, ಒದ್ದೆ ಬಟ್ಟೆ ಒತ್ತಿ. ಜೋಲು ಬಿದ್ದಿದ್ದರೂ ರಾತ್ರಿ ಹೀಗೆ ಮಾಡಿ ಒಣಗಲು ಬಿಟ್ಟರೆ ಬೆಳಿಗ್ಗೆ ಬಿಗಿಯಾಗಿರುತ್ತದೆ. ಕಿಟಕಿಯ ನೇರ ಬಿಸಿಲಿಗೆ ಇಡಬೇಡಿ.

ಮಾಡಿಸುವವರು ದೀಪಾವಳಿಗೆ ಮೊದಲೇ ಬಡಗಿಗೆ ಹೇಳಿಡಿ. ಮದುವೆ ಸೀಸನ್ ಶುರುವಾದರೆ ಅವರು ಮಂಚ, ಅಲಮಾರಿ ಬಿಟ್ಟು ಬೇರೆ ಕೆಲಸ ಮುಟ್ಟುವುದಿಲ್ಲ.